ಅಕ್ಕೋರ ಸ್ಟೇಟಸ್ಸು, ನಮ್ಮ ತಕ್ಕಡಿ



ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿಯಲ್ಲಿ, ನವನಗರಕ್ಕೆ ಹೊಂದಿಕೊಂಡಂತೆ ಅಮರಗೋಳವಿದೆ. ಒಂದೆಡೆ ಶಂಕರಲಿಂಗ ಹಾಗೂ ಬನಶಂಕರಿಯ ಪುರಾತನ ಕಲ್ಲುಗುಡಿಗಳು, ಇನ್ನೊಂದೆಡೆ ಕೃಷಿ ಉತ್ಪನ್ನ ಮಾರುಕಟ್ಟೆಯ ವಿಶಾಲ ಪ್ರಾಂಗಣ. ಉಳ್ಳಾಗಡ್ಡಿ, ಒಣಮೆಣಸಿನಕಾಯಿ, ಹೆಸರು, ಶೇಂಗಾ ಎಲ್ಲವೂ ಅಲ್ಲಿ ತಕ್ಕಡಿಗೆ ಬಿದ್ದ ಮೇಲೆಯೇ ಬೆಲೆ ಕಾಣುತ್ತವೆ. ಆ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುವ ತಂದೆಯೊಬ್ಬರು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನನ್ನ ಬಳಿ ಬಂದರು. ಮುಖ ಬಾಡಿತ್ತು. ಜೇಬಿನಿಂದ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು.

"ಫಾದರ್, ಇದನ್ನ ಸ್ವಲ್ಪ ನೋಡ್ರಿ. ಇಂಥಾವ್ರ ಕೈಯಾಗ ನಮ್ಮ ಹುಡುಗೀನ ಹ್ಯಾಂಗ ಬಿಡೂದ್ರಿ?"

ನೋಡಿದೆ. ಮದುವೆಮನೆಯ ಒಂದು ಪುಟ್ಟ ವಿಡಿಯೊ. ಅವರ ಮಗಳಿಗೆ ಪಾಠ ಹೇಳುವ ಶಿಕ್ಷಕಿ ತನ್ನ ತಮ್ಮನ ಮದುವೆಯಲ್ಲಿ ಅಕ್ಕತಂಗಿಯರೊಡನೆ ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಅದನ್ನು ಅವರು ತಮ್ಮ ವಾಟ್ಸ್‌ಆಪ್ ಸ್ಟೇಟಸ್ಸಿನಲ್ಲಿ ಹಾಕಿಕೊಂಡಿದ್ದರು. ಒಂದು ದಿನದಲ್ಲಿ ತಾನಾಗಿ ಅಳಿಸಿಹೋಗಬೇಕಾದ ಆ ಚಿತ್ರವನ್ನು ಯಾರೋ ಉಳಿಸಿಕೊಂಡು ಪಾಲಕರ ಗುಂಪಿಗೆ ಕಳುಹಿಸಿದ್ದರು. ಆಡಳಿತ ಮಂಡಳಿಗೆ ಮನವಿ ಕೊಡುವ ಮಾತೂ ನಡೆದಿತ್ತು.

ಫೋನನ್ನು ಕೈಯಲ್ಲಿ ಹಿಡಿದು ಅದೇ ಗುಂಪಿನ ಹಿಂದಿನ ಸಂದೇಶಗಳನ್ನು ಸರಿಸಿ ನೋಡಿದೆ. ನಾಲ್ಕು ದಿನ ಹಿಂದಿನ ಒಂದು ಚಿತ್ರ ಕಂಡಿತು. ಹತ್ತು ವರ್ಷದ ಹುಡುಗನೊಬ್ಬ ತನ್ನ ಉತ್ತರಪತ್ರಿಕೆಯನ್ನು ಎದೆಗೆ ಹಿಡಿದು ನಿಂತಿದ್ದಾನೆ. ಕೆಂಪು ಶಾಯಿಯಲ್ಲಿ ಇಪ್ಪತ್ತೈದಕ್ಕೆ ಮೂರು. ತಲೆ ತಗ್ಗಿಸಿದ್ದಾನೆ, ಆದರೂ ಮುಖ ಗುರುತು ಸಿಗುತ್ತದೆ. ಇದು ಬೇರೊಬ್ಬ ಶಿಕ್ಷಕರ ಸ್ಟೇಟಸ್ಸಿನಿಂದ ಬಂದದ್ದು. ಅದರ ಕೆಳಗೆ ಪಾಲಕರು ಸಾಲುಸಾಲಾಗಿ ನಗುವ ಮುಖಗಳನ್ನು ಹಾಕಿದ್ದರು. ನನ್ನೆದುರು ನಿಂತಿದ್ದ ತಂದೆಯ ಹೆಸರೂ ಆ ಸಾಲಿನಲ್ಲಿತ್ತು.

"ಇದು?" ಎಂದು ಕೇಳಿದೆ.

"ಅದು ಸುಮ್ಮ ಚ್ಯಾಷ್ಟಿಗೆ ಹಾಕಿದ್ದರಿ ಫಾದರ್," ಎಂದರು.

ಓದುಗರೇ, ಈ ಮನುಷ್ಯ ಕೆಟ್ಟವರಲ್ಲ. ದಿನವಿಡೀ ಕಾಳಿನ ತೂಕದಲ್ಲಿ ಎಳ್ಳಷ್ಟೂ ಹೆಚ್ಚುಕಡಿಮೆಯಾಗದಂತೆ ದುಡಿಯುವವರು. ಅವರ ಕೈಯಲ್ಲಿದ್ದ ಆ ಎರಡು ಚಿತ್ರಗಳನ್ನು ನಾನೂ ನೀವೂ ನಮ್ಮ ನಮ್ಮ ತಕ್ಕಡಿಯಲ್ಲಿ ಇಟ್ಟು ನೋಡೋಣ. ಒಂದರಲ್ಲಿ ಮಗುವಿಲ್ಲ, ಶಾಲೆಯಿಲ್ಲ, ಯಾರಿಗೂ ನೋವಿಲ್ಲ. ಅದು ನಮ್ಮನ್ನು ಕೆರಳಿಸಿತು. ಇನ್ನೊಂದರಲ್ಲಿ ಒಂದು ಮಗುವಿನ ಮಾನವೇ ಹರಾಜಾಗಿತ್ತು. ಅದು ನಮ್ಮನ್ನು ನಗಿಸಿತು. ಶಿಕ್ಷಕರು ಮತ್ತು ಸಾಮಾಜಿಕ ಜಾಲತಾಣಗಳ ಬಗ್ಗೆ ಇಂದು ನಮ್ಮ ನಡುವೆ ನಡೆಯುತ್ತಿರುವ ಚರ್ಚೆಯಲ್ಲಿ ನನಗೆ ಕಾಣುವ ದೋಷ ಇದೇ. ಗೆರೆ ಬೇಕೆಂದು ಎಲ್ಲರೂ ಹೇಳುತ್ತೇವೆ. ಎಳೆಯುವುದು ಮಾತ್ರ ತಪ್ಪು ಜಾಗದಲ್ಲಿ.

ಬಣ್ಣ ಹಚ್ಚಿದ ಮಾಸ್ತರ

ಶಿಕ್ಷಕರ ಖಾಸಗಿ ಬದುಕು ಊರ ಕಣ್ಣಿಗೆ ಬೀಳುವುದು ಮೊಬೈಲು ಬಂದ ಮೇಲಿನ ಸಂಗತಿಯೆಂದು ಭಾವಿಸಬೇಡಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದ ಈ ಸೀಮೆಯಲ್ಲಿ ಮಾಸ್ತರರು ಊರವರ ನಡುವೆಯೇ ಬಾಳಿದರು. ಅವರು ನೀರು ಸೇದುತ್ತಿದ್ದುದು ಊರ ಬಾವಿಯಿಂದ. ಸಂತೆಯಲ್ಲಿ ಅವರು ಚೌಕಾಶಿ ಮಾಡುವುದನ್ನು ಮಕ್ಕಳು ನೋಡುತ್ತಿದ್ದರು. ರಾತ್ರಿ ದೊಡ್ಡಾಟದಲ್ಲಿ ಬಣ್ಣ ಹಚ್ಚಿ ಕುಣಿದ ಮಾಸ್ತರ ಮರುದಿನ ಬೆಳಿಗ್ಗೆ ಮಗ್ಗಿ ಹೇಳಿಸಲು ನಿಂತರೆ ಅವರ ಗೌರವಕ್ಕೆ ಕುಂದು ಬರುತ್ತಿರಲಿಲ್ಲ. "ನಮ್ಮ ಮಾಸ್ತರ ಪಾತ್ರ ಭಾಳ ಛಲೋ ಮಾಡತಾರ" ಎಂದು ಊರೇ ಹೆಮ್ಮೆಪಡುತ್ತಿತ್ತು.

ಹಾಗಾದರೆ ಬದಲಾದದ್ದು ಏನು? ಅಂದಿನ ಊರು ಮಾಸ್ತರರನ್ನು ಇಡಿಯಾಗಿ ಕಾಣುತ್ತಿತ್ತು. ಕುಣಿತವನ್ನು ಕಂಡ ಕಣ್ಣೇ ಅವರ ಪಾಠವನ್ನೂ ಬಡ ಹುಡುಗನಿಗೆ ಅವರು ಕೊಡಿಸಿದ ಪುಸ್ತಕವನ್ನೂ ಕಂಡಿರುತ್ತಿತ್ತು. ಇಂದಿನ ಪರದೆ ಅರ್ಧ ನಿಮಿಷದ ತುಣುಕನ್ನು ಮಾತ್ರ ತೋರಿಸುತ್ತದೆ. ಆ ತುಣುಕಿನಿಂದಲೇ ನಾವು ವ್ಯಕ್ತಿಯ ಚಾರಿತ್ರ್ಯವನ್ನು ಅಳೆಯುತ್ತೇವೆ. ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳಬೇಕು. ಅಂದು ಬಣ್ಣ ಹಚ್ಚಿದವರು ಹೆಚ್ಚಾಗಿ ಗಂಡಸರು. ಇಂದು ನನ್ನ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳ ಮೇಲಿನವು. ಗೆಳೆಯರೊಡನೆ ದಾಂಡೇಲಿಗೆ ಹೋಗಿ ಹೊಳೆಯಲ್ಲಿ ಈಜುವ ಚಿತ್ರ ಹಾಕಿದ ಗಂಡು ಶಿಕ್ಷಕರ ವಿರುದ್ಧ ಇಂದಿನವರೆಗೆ ಯಾರೂ ನನಗೆ ದೂರು ತಂದಿಲ್ಲ.

ಗೆರೆ ಅಳಿಸಿದವರು ಯಾರು?

ಶಿಕ್ಷಕರ ಫೋನ್ ಸಂಖ್ಯೆ ಮಕ್ಕಳ ಕೈಗೆ ಸಿಕ್ಕಿದ್ದು ಹೇಗೆಂಬುದನ್ನೂ ನೆನಪಿಸಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ವಿದ್ಯಾಗಮ' ಯೋಜನೆಯಲ್ಲಿ, ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾರ ಮನೆಯಲ್ಲಿ ಇಲ್ಲ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಲಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಆ ಯೋಜನೆ ನಿಂತಿತು. ವಾಟ್ಸ್‌ಆಪ್ ಗುಂಪುಗಳು ನಿಲ್ಲಲಿಲ್ಲ. ಸರ್ಕಾರಿ ಶಾಲೆಯಿರಲಿ, ನಮ್ಮ ಶಾಲೆಗಳಿರಲಿ, ಶಿಕ್ಷಕರು ತಮ್ಮ ಸ್ವಂತ ಫೋನನ್ನೇ ತರಗತಿಯ ಹಲಗೆಯನ್ನಾಗಿ ಮಾಡಿಕೊಂಡರು. ಅದಕ್ಕೆ ಬೇರೆ ಸಂಖ್ಯೆಯನ್ನಾಗಲಿ ಬೇರೆ ಫೋನನ್ನಾಗಲಿ ನಾವು ಕೊಡಲಿಲ್ಲ. ರಾತ್ರಿ ಹತ್ತು ಗಂಟೆಗೆ ಹೋಂವರ್ಕ್ ಕೇಳಿ ಸಂದೇಶ ಕಳುಹಿಸುವಾಗ ಅವರ ಖಾಸಗಿತನ ನಮಗೆ ನೆನಪಾಗಲಿಲ್ಲ. ಅದೇ ಸಂಖ್ಯೆಯಲ್ಲಿ ಅವರ ಮನೆಯ ಮದುವೆ ಕಾಣಿಸಿದಾಗ ಮಾತ್ರ ವೃತ್ತಿಯ ಘನತೆ ನೆನಪಾಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತೀರ್ಪಿನ ವಿಚಾರ ಸರ್ಕಾರದ ಅಧಿಕಾರದ್ದಾಗಿದ್ದರೂ ಅದರ ಹಿಂದಿನ ತತ್ತ್ವ ನಮ್ಮ ಶಾಲಾ ಕಚೇರಿಗಳ ಬಾಗಿಲಲ್ಲಿ ನಿಂತುಬಿಡುವಂಥದ್ದಲ್ಲ. ಶಿಕ್ಷಕಿಯಾದ ಮಾತ್ರಕ್ಕೆ ಒಬ್ಬ ಹೆಣ್ಣುಮಗಳು ಇಪ್ಪತ್ನಾಲ್ಕು ಗಂಟೆಯೂ ಹಾಜರಿ ಪುಸ್ತಕದೊಳಗೆ ಇರಬೇಕಾಗಿಲ್ಲ.

ಮೂರು ಪ್ರಸಂಗಗಳು

ಮೊದಲನೆಯದು ನಮ್ಮದೇ ಧರ್ಮಸಭೆಗೆ ಸೇರಿದ್ದು, ಆದುದರಿಂದ ಅದನ್ನೇ ಮೊದಲು ಹೇಳುತ್ತೇನೆ. ಕೋಲ್ಕತ್ತದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸೇಂಟ್ ಝೇವಿಯರ್ಸ್ ವಿಶ್ವವಿದ್ಯಾಲಯಕ್ಕೆ 2021ರಲ್ಲಿ ಇಂಗ್ಲಿಷ್ ಅಧ್ಯಾಪಕಿಯೊಬ್ಬರು ಸೇರಿದರು. ಸೇರುವ ಮೊದಲೇ ಅವರು ತಮ್ಮ ಖಾಸಗಿ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಈಜುಡುಪಿನ ಚಿತ್ರ ಹಾಕಿದ್ದರಂತೆ. ತನ್ನ ಮಗ ಆ ಚಿತ್ರ ನೋಡುತ್ತಿದ್ದನೆಂದು ವಿದ್ಯಾರ್ಥಿಯೊಬ್ಬನ ತಂದೆ ದೂರು ಕೊಟ್ಟರು. ಅಕ್ಟೋಬರ್‌ನಲ್ಲಿ ಆಕೆಯನ್ನು ಸಭೆಯೊಂದಕ್ಕೆ ಕರೆಸಲಾಯಿತು. ಅದೇ ತಿಂಗಳು ಆಕೆ ಕೆಲಸ ಬಿಟ್ಟರು. ಒತ್ತಾಯದಿಂದ ರಾಜೀನಾಮೆ ಪಡೆದರೆಂಬುದು ಅಧ್ಯಾಪಕಿಯ ಆರೋಪ, ಸ್ವಇಚ್ಛೆಯಿಂದ ಹೋದರೆಂಬುದು ವಿಶ್ವವಿದ್ಯಾಲಯದ ಹೇಳಿಕೆ. 2022ರ ಆಗಸ್ಟ್‌ನಲ್ಲಿ ಇದು ದೇಶವ್ಯಾಪಿ ಸುದ್ದಿಯಾಯಿತು. ಯಾರ ಮಾತು ನಿಜವೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಎರಡೂ ಕಡೆಯವರು ಒಪ್ಪುವ ಸಂಗತಿಯೇ ನನ್ನನ್ನು ಕಾಡುತ್ತದೆ: ತಂದೆಯೊಬ್ಬನ ದೂರು ಬಂತು, ಅದರ ಹಿಂದೆಯೇ ಶಿಕ್ಷಕಿಯೊಬ್ಬಳು ಕೆಲಸ ಬಿಟ್ಟಳು. ಆ ಚಿತ್ರ ಮಗನ ಕಣ್ಣಿಗೆ ಬಿದ್ದದ್ದು ಹೇಗೆಂದು ಆ ತಂದೆ ಮೊದಲು ಮಗನನ್ನೇ ಕೇಳಬಹುದಿತ್ತಲ್ಲವೇ?

ಎರಡನೆಯದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನದು. 2023ರ ಮೇ ತಿಂಗಳಲ್ಲಿ, ಹೊಸ ಸರ್ಕಾರ ಅಧಿಕಾರಕ್ಕೆ ಬಂದ ಹೊತ್ತಿನಲ್ಲಿ, ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮುಖ್ಯಮಂತ್ರಿಗಳ ಕಾಲದ ಸಾಲ ಮತ್ತು ಉಚಿತ ಯೋಜನೆಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಟೀಕೆ ಬರೆದರು. ಅವರನ್ನು ಅಮಾನತು ಮಾಡಲಾಯಿತು. ಸರ್ಕಾರಿ ನೌಕರರು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದೆಂಬ ನಡತೆ ನಿಯಮ ನಮ್ಮ ರಾಜ್ಯದಲ್ಲಿ ಹಳೆಯದು. 1966ರ ನಿಯಮಗಳ ಸ್ಥಾನದಲ್ಲಿ 2021ರಲ್ಲಿ ಹೊಸ ನಿಯಮಗಳು ಬಂದಿವೆ. ಆ ನಿಯಮ ಸರಿಯೋ ತಪ್ಪೋ ಎಂದು ಪ್ರಜೆಗಳಾಗಿ ನಾವು ವಾದಿಸಬಹುದು. ಆದರೆ ಅದು ನೌಕರ ಮತ್ತು ಒಡೆಯನ ನಡುವಿನ ವಿಚಾರ. ಪಾಲಕರಾಗಿ ನಾವು ಕೇಳಬೇಕಾದ ಪ್ರಶ್ನೆ ಬೇರೆ: ಆ ಬರಹದಿಂದ ತರಗತಿಯ ಯಾವ ಮಗುವಿಗೆ ಕೇಡಾಯಿತು?

ಮೂರನೆಯದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 2023ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಪ್ರವಾಸದ ವೇಳೆ ಮುಖ್ಯೋಪಾಧ್ಯಾಯಿನಿ ಮತ್ತು ಹತ್ತನೆಯ ತರಗತಿಯ ಹುಡುಗ ಸಲುಗೆಯಿಂದ ತೆಗೆಸಿಕೊಂಡ ಚಿತ್ರಗಳು ಹೊರಬಿದ್ದವು. ಇಲಾಖೆ ಆಕೆಯನ್ನು ಅಮಾನತು ಮಾಡಿತು. ಇಲ್ಲಿ ಗೆರೆ ನಿಜವಾಗಿಯೂ ಇತ್ತು, ಏಕೆಂದರೆ ಇಲ್ಲಿ ಒಂದು ಮಗು ಇತ್ತು. ಇಲಾಖೆ ಪ್ರಶ್ನಿಸಿದ್ದು ಸರಿ. ಆದರೆ ಮುಂದೆ ಏನಾಯಿತು? ಆ ಚಿತ್ರಗಳು ಬೀದರದಿಂದ ಚಾಮರಾಜನಗರದವರೆಗೆ, ರಾಜ್ಯದ ಗಡಿಯನ್ನೂ ದಾಟಿ, ಲಕ್ಷಾಂತರ ಫೋನುಗಳಿಗೆ ಹೋದವು. ಹುಡುಗನ ಮುಖವನ್ನು ಮರೆಮಾಡುವ ಸೌಜನ್ಯ ಬಹುತೇಕರಿಗೆ ಇರಲಿಲ್ಲ. ಮೀಸೆ ಚಿಗುರುವ ವಯಸ್ಸಿನ ಆ ಬಾಲಕ ಪರೀಕ್ಷೆಗೆ ಹೋಗುವ ದಿನವೂ ದಾರಿಹೋಕರು ಗುರುತಿಸುವಂತೆ ಮಾಡಿದವರು ಯಾರು? ಶಿಕ್ಷಕಿ ಗೆರೆ ದಾಟಿದರೆಂದು ಸಿಟ್ಟಾದ ನಾವೇ ಅದೇ ಗೆರೆಯನ್ನು ಸಾವಿರ ಸಲ ದಾಟಿದೆವು. ನಮ್ಮನ್ನು ಯಾರೂ ಅಮಾನತು ಮಾಡಲಿಲ್ಲ.

ಮಗುವನ್ನು ನಡುವೆ ನಿಲ್ಲಿಸಿ

ಹಾಗಾದರೆ ಶಿಕ್ಷಕರು ಏನು ಬೇಕಾದರೂ ಮಾಡಬಹುದೇ? ಅವರು ಮಾದರಿಯಾಗಿರಬೇಡವೇ? ಈ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಸರಳವಾಗಿದೆ. ಮಗುವನ್ನು ನಡುವೆ ನಿಲ್ಲಿಸಿ ನೋಡಿ. ಶಿಕ್ಷಕರು ಜಾಲತಾಣದಲ್ಲಿ ಮಾಡಿದ ಕೆಲಸ ಮಗುವನ್ನು ಮುಟ್ಟುತ್ತದೆಯೇ? ಗುರುವಿನ ಸ್ಥಾನ ಕೊಟ್ಟ ಅಧಿಕಾರವನ್ನು ಅದು ಬಳಸಿಕೊಳ್ಳುತ್ತದೆಯೇ? ತಂದೆತಾಯಿಗಳಿಂದ ಮುಚ್ಚಿಡುವ ಮಾತುಕತೆಯೇ? ಈ ಮೂರರಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಅಲ್ಲಿ ಗೆರೆಯಿದೆ, ಅದು ಕಲ್ಲಿನಲ್ಲಿ ಕೊರೆದಂತಿರಬೇಕು. ಮೂರಕ್ಕೂ ಇಲ್ಲವೆಂದರೆ ಅದು ಆ ಶಿಕ್ಷಕರ ಮನೆಯಂಗಳ. ಅಲ್ಲಿಗೆ ನಾವು ಕರೆಯದೆ ಕಾಲಿಡಬಾರದು.

ಈ ಅಳತೆಯಲ್ಲಿ ಕೆಲವು ಸಂಗತಿಗಳು ನಾವು ಅಂದುಕೊಂಡದ್ದಕ್ಕಿಂತ ಭಾರವಾಗಿ ತೂಗುತ್ತವೆ. ರಾತ್ರಿ ಹೊತ್ತು ವಿದ್ಯಾರ್ಥಿನಿಗೆ ಬರುವ "ಊಟ ಆಯ್ತಾ?" ಎಂಬ ಪುಟ್ಟ ಸಂದೇಶ ಮೇಲ್ನೋಟಕ್ಕೆ ನಿರುಪದ್ರವಿ, ಆದರೆ ಮಗು ಉತ್ತರಿಸದಿರಲಾರದು, ನಾಳೆ ಅಂಕ ಕೊಡುವವರು ಅವರೇ. 2012ರ ಪೋಕ್ಸೋ ಕಾಯಿದೆ ಶಿಕ್ಷಣ ಸಂಸ್ಥೆಯವರು ಅಲ್ಲಿನ ಮಗುವಿನ ಮೇಲೆ ಎಸಗುವ ಲೈಂಗಿಕ ಅಪರಾಧವನ್ನು ಹೆಚ್ಚು ಗಂಭೀರವೆಂದು ಪರಿಗಣಿಸಿರುವುದೂ ಇದೇ ಕಾರಣಕ್ಕೆ. ಒಂದು ಜಾತಿಯನ್ನೋ ಮತವನ್ನೋ ಹೀಯಾಳಿಸುವ ಬರಹವನ್ನು ಶಿಕ್ಷಕರು ತಮ್ಮ ಪುಟದಲ್ಲಿ ಹಂಚಿಕೊಂಡರೆ ಅದರಲ್ಲಿ ಯಾವ ಮಗುವಿನ ಚಿತ್ರವೂ ಇರುವುದಿಲ್ಲ, ನಿಜ. ಆದರೆ ಅದೇ ಜಾತಿಯ, ಅದೇ ಮತದ ಮಗು ನಾಳೆ ಬೆಳಿಗ್ಗೆ ಅವರೆದುರಿನ ಬೆಂಚಿನಲ್ಲಿ ಕುಳಿತಿರುತ್ತದೆ. ಇಂಥ ಬರಹದ ಬಗ್ಗೆ ನನಗೆ ಒಂದೇ ಒಂದು ದೂರು ಬಂದಿಲ್ಲ. ಮದುವೆಯ ಕುಣಿತದ ಬಗ್ಗೆ ಬಂದಿದೆ.

ಇನ್ನು ಆ ಇಪ್ಪತ್ತೈದಕ್ಕೆ ಮೂರು ಅಂಕದ ಹುಡುಗ. ಮಗುವಿಗೆ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಹೇಳುತ್ತದೆ. ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂಬುದು 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆಯ ತತ್ತ್ವ. ಕಾನೂನು ಹಾಗಿರಲಿ, ಬೆತ್ತದ ಬಾಸುಂಡೆ ನಾಲ್ಕು ದಿನಕ್ಕೆ ಮಾಯುತ್ತದೆ, ಈ ಚಿತ್ರ ಯಾರ್ಯಾರ ಫೋನಿನಲ್ಲಿ ಎಷ್ಟು ವರ್ಷ ಇರುತ್ತದೆಂದು ಹೇಳುವವರಿಲ್ಲ.

ಇಲ್ಲಿ ಗುರುಗಳಾದ ನಾವೂ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಬೇಕು. ಪ್ರಥಮ ಪರಮಪ್ರಸಾದದ ದಿನ, ಬಡ ಮಕ್ಕಳಿಗೆ ಪುಸ್ತಕ ಹಂಚಿದ ದಿನ, ಯಾರನ್ನೂ ಕೇಳದೆ ಮಕ್ಕಳ ಮುಖಗಳನ್ನು ಧರ್ಮಕೇಂದ್ರದ ಫೇಸ್‌ಬುಕ್ ಪುಟದಲ್ಲಿ ತುಂಬುತ್ತೇವೆ. ಕೈಯೊಡ್ಡಿ ನೋಟುಪುಸ್ತಕ ತೆಗೆದುಕೊಳ್ಳುವ ಹುಡುಗಿ ನಾಳೆ ಕಾಲೇಜಿಗೆ ಹೋದಾಗ ಆ ಚಿತ್ರ ಅವಳನ್ನು ಹಿಂಬಾಲಿಸಬಹುದೆಂದು ನಾವು ಯೋಚಿಸಿದ್ದೇವೆಯೇ?

ಗೆರೆಯನ್ನು ಮೊದಲೇ ಎಳೆಯೋಣ

ಆವೇಶದಲ್ಲಿ ಎಳೆದ ಗೆರೆ ನಿಲ್ಲುವುದಿಲ್ಲ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 2011ರಲ್ಲಿ ಒಂದು ಕಾನೂನು ಬಂತು. ಮಕ್ಕಳ ರಕ್ಷಣೆಯೇ ಅದರ ಉದ್ದೇಶ. ಹಾಲಿ ಅಥವಾ ಮಾಜಿ ವಿದ್ಯಾರ್ಥಿಗಳೊಡನೆ ಗುಟ್ಟಾಗಿ ಮಾತಾಡಲು ಅವಕಾಶವಿರುವ ಜಾಲತಾಣಗಳನ್ನು ಶಿಕ್ಷಕರು ಬಳಸಬಾರದೆಂದು ಅದು ವಿಧಿಸಿತು. ಶಾಲೆಯಲ್ಲಿ ಓದುವ ತಮ್ಮದೇ ಮಕ್ಕಳೊಡನೆ ಮಾತಾಡಲೂ ಶಿಕ್ಷಕರಿಗೆ ಇದರಿಂದ ಅಡ್ಡಿಯಾಗಬಹುದೆಂಬ ಆಕ್ಷೇಪ ಎದ್ದಿತು. ಶಿಕ್ಷಕರ ಸಂಘ ನ್ಯಾಯಾಲಯಕ್ಕೆ ಹೋಯಿತು, ಆಗಸ್ಟ್‌ನಲ್ಲಿ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು, ಅದೇ ವರ್ಷ ಶಾಸನಸಭೆ ಆ ಭಾಗವನ್ನು ತೆಗೆದುಹಾಕಿ ಆಯಾ ಶಾಲಾಡಳಿತವೇ ಲಿಖಿತ ನಿಯಮ ಮಾಡಿಕೊಳ್ಳಲಿ ಎಂದಿತು. ನಮಗೂ ಇದೇ ದಾರಿ ಸೂಕ್ತ. ತಪ್ಪು ನಡೆದ ಮೇಲೆ ನಿಯಮ ಹುಡುಕುವ ಬದಲು ಜೂನ್ ತಿಂಗಳಲ್ಲೇ, ಶಿಕ್ಷಕರನ್ನೂ ಪಾಲಕರನ್ನೂ ಕೂರಿಸಿಕೊಂಡು, ಒಂದು ಪುಟದ ನಿಯಮ ಬರೆದುಕೊಳ್ಳಬಹುದು.

ಅದರಲ್ಲಿ ಏನಿರಬೇಕು? ಶಾಲೆಯ ಕೆಲಸಕ್ಕೆ ಶಾಲೆಯೇ ಬೇರೆ ಸಂಖ್ಯೆ ಕೊಡಲಿ. ಶಿಕ್ಷಕರ ಮನೆಯ ಸಂಖ್ಯೆ ಅವರ ಮನೆಯವರಿಗಿರಲಿ. ಆಗ ಅವರ ಸ್ಟೇಟಸ್ಸು ನಮಗೆ ಕಾಣುವುದೇ ಇಲ್ಲ, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮಗುವಿಗೆ ಹೇಳಬೇಕಾದದ್ದು ಪಾಲಕರ ಫೋನಿಗೆ ಹೋಗಲಿ ಅಥವಾ ಎಲ್ಲರಿಗೂ ಕಾಣುವ ಗುಂಪಿಗೆ ಹೋಗಲಿ. ಒಂಟಿಯಾಗಿ ಮಗುವಿಗೆ ಹೋಗುವುದು ಬೇಡ. ರಾತ್ರಿ ಎಂಟರ ನಂತರ ಎರಡೂ ಕಡೆ ಮೌನವಿರಲಿ. ಮಕ್ಕಳ ಸ್ನೇಹದ ಕೋರಿಕೆಯನ್ನು ಶಿಕ್ಷಕರು ತಮ್ಮ ಖಾಸಗಿ ಖಾತೆಯಲ್ಲಿ ಒಪ್ಪದಿರಲಿ. ಮಗುವಿನ ಚಿತ್ರ ಶಿಕ್ಷಕರ ಸ್ವಂತ ಸ್ಟೇಟಸ್ಸಿಗೆ ಏರದಿರಲಿ. ಅಂಕ, ಶುಲ್ಕದ ಬಾಕಿ, ಶಿಕ್ಷೆ ಇವು ಯಾವ ಗುಂಪಿನಲ್ಲೂ ಬೇಡ.

ಪಾಲಕರಿಗೂ ಒಂದು ಸಾಲು ಬರೆದಿಡೋಣ. ಶಿಕ್ಷಕರ ಬಗ್ಗೆ ಸಂಶಯ ಬಂದರೆ ಗುಂಪಿಗೆ ಹಾಕುವ ಮೊದಲು ಅವರನ್ನೇ ಕಂಡು ಕೇಳಿ. ಮಗುವಿಗೆ ಅಪಾಯವೆನಿಸಿದರೆ ಆಡಳಿತಕ್ಕೋ ಪೊಲೀಸರಿಗೋ ನೇರವಾಗಿ ಹೇಳಿ, ತಡಮಾಡಬೇಡಿ. ಈ ಎರಡರ ನಡುವೆ ಫಾರ್ವರ್ಡ್ ಮಾಡುವ ಮೂರನೆಯ ದಾರಿ ಬೇಡ. ಅದರಿಂದ ಯಾವ ಮಗುವಿಗೂ ರಕ್ಷಣೆ ಸಿಗುವುದಿಲ್ಲ.

ಉತ್ತರ ಕೊಡದ ಒಂದು ಪ್ರಶ್ನೆ

ಇಷ್ಟೆಲ್ಲ ಬರೆಯಲು ನನಗೆ ಯಾವ ಯೋಗ್ಯತೆಯಿದೆ ಎಂದು ನೀವು ಕೇಳಬಹುದು. ಯೋಗ್ಯತೆ ಇಲ್ಲ, ಒಂದು ಸಾಲವಿದೆ.

ಹಲವು ವರ್ಷಗಳ ಹಿಂದೆ ನಾನು ಶಾಲೆಯೊಂದರ ಸಂಚಾಲಕನಾಗಿದ್ದೆ. ಪಾಲಕರೊಬ್ಬರು ಫೇಸ್‌ಬುಕ್‌ನಿಂದ ಮುದ್ರಿಸಿದ ಚಿತ್ರವೊಂದನ್ನು ಲಕೋಟೆಯಲ್ಲಿಟ್ಟು ತಂದರು. ನಮ್ಮ ಗಣಿತದ ಶಿಕ್ಷಕಿ ಗೆಳತಿಯರೊಡನೆ ಸಮುದ್ರ ತೀರದಲ್ಲಿ ಪ್ಯಾಂಟು ಮಡಚಿಕೊಂಡು ನಿಂತು ನಗುತ್ತಿದ್ದರು. ಅಷ್ಟೇ. ನಾನು ಆಕೆಯನ್ನು ಕಚೇರಿಗೆ ಕರೆಸಿ ಆ ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಆಕೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಫಾದರ್, ಇದರಾಗ ತಪ್ಪೇನೈತ್ರಿ? ನೀವ ಹೇಳ್ರಿ."

ನಾನು ಹೇಳಿದ್ದು ಇಷ್ಟೇ: "ತಪ್ಪು ಅಂತ ಅಲ್ಲಮ್ಮ, ಜನ ಮಾತಾಡ್ತಾರ."

ಆಕೆ ಚಿತ್ರ ತೆಗೆದುಹಾಕಿದರು. ವರ್ಷದ ಕೊನೆಗೆ ಕೆಲಸವನ್ನೂ ಬಿಟ್ಟರು. ಲೆಕ್ಕವೆಂದರೆ ಹೆದರುತ್ತಿದ್ದ ಮಕ್ಕಳು ಆಕೆಯ ತರಗತಿಗೆ ಓಡೋಡಿ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೆ. ಮುಂದಿನ ವರ್ಷ ಆ ಮಕ್ಕಳಿಗೆ ಅಂಥ ಶಿಕ್ಷಕಿ ಸಿಗಲಿಲ್ಲ. ಮಾತಾಡಿದ ಜನರಲ್ಲಿ ಯಾರೂ ಬಂದು ಲೆಕ್ಕ ಕಲಿಸಲಿಲ್ಲ.

ಅಮರಗೋಳದ ಆ ತಂದೆಗೆ ನಾನು ಈ ಕಥೆಯನ್ನೇ ಹೇಳಿದೆ. ಅವರು ತುಸು ಹೊತ್ತು ಏನೂ ಆಡಲಿಲ್ಲ. ಮನವಿಗೆ ಸಹಿ ಹಾಕುವುದಿಲ್ಲವೆಂದೂ ಹೇಳಲಿಲ್ಲ. ಹೊರಡುವ ಮುನ್ನ ಮಾತ್ರ ಫೋನನ್ನು ಮತ್ತೆ ತೆರೆದು ಕೇಳಿದರು: "ಫಾದರ್, ಆ ಸಣ್ಣ ಹುಡುಗನ ಫೋಟೋದ ಕೆಳಗ ನಾ ನಕ್ಕಿದ್ದೈತಲ್ರಿ, ಅದನ್ನ ತಗಿಯೂದು ಹ್ಯಾಂಗ್ರಿ?"

ನನಗೆ ಗೊತ್ತಿದ್ದಷ್ಟು ತೋರಿಸಿಕೊಟ್ಟೆ. ಆದರೆ ಹುಡುಗನ ಚಿತ್ರ ಅಲ್ಲೇ ಇತ್ತು. ಅದನ್ನು ತೆಗೆಯುವುದು ನಮ್ಮಿಬ್ಬರ ಕೈಯಲ್ಲೂ ಇರಲಿಲ್ಲ.

ಆ ಗಣಿತದ ಶಿಕ್ಷಕಿ ಈಗ ಎಲ್ಲಿದ್ದಾರೋ ನನಗೆ ತಿಳಿಯದು. ಈ ಪುಟ ಅವರ ಕಣ್ಣಿಗೆ ಬಿದ್ದರೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇನೆ: ಅದರಲ್ಲಿ ತಪ್ಪೇನೂ ಇರಲಿಲ್ಲ, ಅಮ್ಮ. ತಪ್ಪು ನನ್ನ ತಕ್ಕಡಿಯದು.